ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸೋದಾ, ಹಾರ್ಡ್ ಡಿಸ್ಕಲ್ಲೇ ಇರೋದಾ? – ಪ್ರಶ್ನೋತ್ತರ

ಪ್ರಶ್ನೆ: ಸರ್, ನಮ್ಮದು ಚಿಕ್ಕ ಫೋಟೋ ಸ್ಟುಡಿಯೋ. ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಐದು ನಿಮಿಷ ಕಾಯಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತ ಕೆಂಪಗಿರುತ್ತೆ, ಸ್ಪೀಡ್ ನೋಡಿದರೆ 1 ಎಂಬಿ ಕೂಡ ಇಲ್ಲ. 1 ಟಿಬಿ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡೋ ಡಿಸ್ಕ್) ರೇಟು ಕೈಗೆಟುಕ್ತಿಲ್ಲ. ರ‍್ಯಾಮ್ ಹಾಕಿಸಿದರೆ ಸಾಕಾ?

ಉತ್ತರ: ಮೊದಲು ರ‍್ಯಾಮಿಗೆ ದುಡ್ಡು ಹಾಕಬೇಡಿ ಸರ್. ತೊಂದರೆ ಇರೋದು ಡಿಸ್ಕಿನಲ್ಲೇ. ನಿಮ್ಮದು 5400 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಡಿಸ್ಕ್ ಅಂದುಕೊಳ್ಳಿ. ಡೇಟಾ ಇರೋ ಒಳಗಿನ ತಟ್ಟೆ ಒಂದು ಸುತ್ತು ಬರಲು 11 ಮಿಲಿಸೆಕೆಂಡು. ಬೇಕಾದ ಜಾಗ ಹೆಡ್ಡಿನ (ಓದಿ ಬರೆಯೋ ಭಾಗ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ. ಹೆಡ್ ಆ ಟ್ರ್ಯಾಕಿಗೆ ಸರಿಯಲು ಇನ್ನೊಂದು 12. ಹೀಗೆ ಒಂದು ಚಿಕ್ಕ ಫೈಲಿಗೆ 17–18 ಮಿಲಿಸೆಕೆಂಡು ಆದರೆ ಸೆಕೆಂಡಿಗೆ 55–60 ಫೈಲು ಅಷ್ಟೇ. ಒಂದೊಂದು 4 ಕೆಬಿ ಅಂದರೆ ಒಟ್ಟು ಕಾಲು ಎಂಬಿಯೂ ಆಗಲ್ಲ. ವಿಂಡೋಸ್ ಶುರುವಾಗುವಾಗ ಓದೋದು ಇಂಥ ಸಾವಿರಾರು ಚೂರುಗಳನ್ನೇ. ನಿಮಗೆ ಕಾಣ್ತಿರೋ 100% ಆ ಓಡಾಟದ್ದು. ಎಸ್‌ಎಸ್‌ಡಿಯಲ್ಲಿ ಸುತ್ತೋದು, ಸರಿಯೋದು ಯಾವುದೂ ಇಲ್ಲ, 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತೆ.

ಅದೇ ಡಿಸ್ಕಿಗೆ 20 ಜಿಬಿ ಮದುವೆ ವಿಡಿಯೋ ಒಂದೇ ಸಮ ಕಾಪಿ ಮಾಡಿ ನೋಡಿ, ಸೆಕೆಂಡಿಗೆ 100 ಎಂಬಿ ಹತ್ತಿರ ಓಡುತ್ತೆ. ಹಾಗಾಗಿ ಇಟ್ಟುಕೊಳ್ಳೋಕೆ ಹಾರ್ಡ್ ಡಿಸ್ಕ್ ಈಗಲೂ ಒಳ್ಳೇದೇ.

ರೇಟಿನ ವಿಷಯ. ಹಾರ್ಡ್ ಡಿಸ್ಕ್ ಎಷ್ಟೇ ಚಿಕ್ಕದಿರಲಿ, ಮೋಟಾರು, ತಟ್ಟೆ, ಹೆಡ್, ಬಾಡಿ ಬೇಕೇ ಬೇಕು. ಅದಕ್ಕೇ 250 ಜಿಬಿಯದು ಅಂತ ತೀರಾ ಅಗ್ಗಕ್ಕೆ ಸಿಗಲ್ಲ. ಎಸ್‌ಎಸ್‌ಡಿಯಲ್ಲಿ ಚಿಪ್ ಹೆಚ್ಚಿದಷ್ಟೂ ರೇಟು ಏರುತ್ತೆ. ಹಾಗಾಗಿ ಚಿಕ್ಕ ಸೈಜಿಗೆ ಎಸ್‌ಎಸ್‌ಡಿ ಲಾಭ, 4 ಟಿಬಿ ದಾಟಿದ ಮೇಲೆ ಜಿಬಿ ಲೆಕ್ಕದಲ್ಲಿ ಹಾರ್ಡ್ ಡಿಸ್ಕನ್ನ ಹಿಡಿಯೋರಿಲ್ಲ. ನೀವು 500 ಜಿಬಿ ಸಾಟಾ (ಹಾರ್ಡ್ ಡಿಸ್ಕಿನದೇ ಕನೆಕ್ಟರ್ ಇರೋ) ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ ಮತ್ತು ನಡೀತಿರೋ ಕೆಲಸ ಅದರಲ್ಲಿರಲಿ. ತೆಗೆದ ಹಾರ್ಡ್ ಡಿಸ್ಕನ್ನ ಯುಎಸ್‌ಬಿ ಕೇಸಿಗೆ ಹಾಕಿ, ಮುಗಿದ ಆಲ್ಬಮ್ ಅದಕ್ಕೆ ಸಾಗಿಸಿ.

ಪ್ರಶ್ನೆ: ಅಂಗಡಿಯವರು ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ತಗೊಳ್ಳಿ, ಸೆಕೆಂಡಿಗೆ 3500 ಎಂಬಿ ಬರುತ್ತೆ ಅಂತಾರೆ. ಸಾಟಾ ಬರೀ 550 ಅಂತೆ?

ಉತ್ತರ: ಎರಡು ನಂಬರೂ ನಿಜ, ಆದರೆ ದೊಡ್ಡ ಫೈಲಿಗೆ ಮಾತ್ರ. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಕಾಣೋ ವ್ಯತ್ಯಾಸ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕಾಣಲ್ಲ. ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದ ಕಾಪಿ ಮಾಡುವಾಗ ಎನ್‌ವಿಎಂಇ ಇದ್ದರೂ ಅದೇ 100 ಎಂಬಿ.

ಇನ್ನೊಂದು, ಎಸ್‌ಎಸ್‌ಡಿ ಮೇಲೆ ಎಂ.2 ಅಂತಿದ್ದರೆ ಅದು ಆಕಾರದ ಹೆಸರು ಅಷ್ಟೇ. ಅದೇ 22 ಮಿಮೀ ಅಗಲ, 80 ಮಿಮೀ ಉದ್ದದ ಪಟ್ಟಿಯಲ್ಲಿ ಸಾಟಾನೂ ಬರುತ್ತೆ, ಎನ್‌ವಿಎಂಇನೂ ಬರುತ್ತೆ. ಕೆಲವು ಹಳೇ ಲ್ಯಾಪ್‌ಟಾಪಿನ ಸ್ಲಾಟು ಸಾಟಾ ಮಾತ್ರ ಗುರುತಿಸುತ್ತೆ. ಮಾಡೆಲ್ ನಂಬರ್ ಹಾಕಿ ಮ್ಯಾನುಯಲ್ ನೋಡದೆ ದುಡ್ಡು ಕೊಡಬೇಡಿ. ತೀರಾ ಅಗ್ಗದ ಕ್ಯೂಎಲ್‌ಸಿ (ಚಿಪ್ಪಿನ ಒಂದೊಂದು ಸೆಲ್ಲಿನಲ್ಲಿ ನಾಲ್ಕು ಬಿಟ್ ತುಂಬೋ) ಎಸ್‌ಎಸ್‌ಡಿಗಳ ಬಗ್ಗೆಯೂ ಎಚ್ಚರ: ಮೊದಲ ಕೆಲವು ಜಿಬಿ ಜೋರಾಗಿ ಓಡಿ, ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯೋದುಂಟು. ವಿಡಿಯೋ ಕೆಲಸಕ್ಕೆ ಟಿಎಲ್‌ಸಿಯನ್ನೇ (ಸೆಲ್ಲಿಗೆ ಮೂರು ಬಿಟ್) ಕೇಳಿ.

ಪ್ರಶ್ನೆ: ಸಾಫ್ಟ್‌ವೇರೆಲ್ಲ ಮತ್ತೆ ಹಾಕೋದು ಕಷ್ಟ. ಕ್ಲೋನ್ (ಡಿಸ್ಕಿನ ಯಥಾವತ್ ನಕಲು) ಮಾಡಬಹುದಾ?

ಉತ್ತರ: ಮಾಡಬಹುದು. ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸೋ ಸಾಫ್ಟ್‌ವೇರ್) ಹಾಕಿ ಹಳೇ ಡಿಸ್ಕಿನ 05, ಸಿ5, ಸಿ6 ಸಾಲು (ಕೆಟ್ಟ ಜಾಗಗಳ ಲೆಕ್ಕ) ನೋಡಿ. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಓದಕ್ಕಾಗದ ಜಾಗಗಳಿವೆ ಅಂತ. ಕ್ಲೋನ್ ಅರ್ಧದಲ್ಲಿ ನಿಲ್ಲಬಹುದು. ಆಗ ಫೋಟೋಗಳನ್ನ ಮೊದಲು ಬೇರೆಡೆ ಕಾಪಿ ಮಾಡಿ, ವಿಂಡೋಸ್ ಹೊಸದಾಗಿ ಹಾಕೋದೇ ಕ್ಷೇಮ.

ಎಲ್ಲ ಸರಿಯಿದ್ದರೆ: 500 ಜಿಬಿ ಡಿಸ್ಕ್ ವಿಂಡೋಸಿನಲ್ಲಿ 465 ಅಂತ ಕಾಣುತ್ತೆ, ಹಾಗಾಗಿ ಹಳೇ ಡಿಸ್ಕಿನಲ್ಲಿ ತುಂಬಿರೋದನ್ನ 400ಕ್ಕಿಂತ ಕೆಳಗಿಳಿಸಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ. ಎಸ್‌ಎಸ್‌ಡಿಯನ್ನ ಯುಎಸ್‌ಬಿ–ಸಾಟಾ ಕೇಬಲ್ಲಿಗೆ ಸಿಕ್ಕಿಸಿ, ಅದರ ಕಂಪನಿಯೇ ಕೊಡೋ ಕ್ಲೋನಿಂಗ್ ಸಾಫ್ಟ್‌ವೇರ್ ಬಳಸಿ. ಕ್ಲೋನ್‌ಜಿಲ್ಲಾ ಅನ್ನೋ ಉಚಿತ ಸಾಫ್ಟ್‌ವೇರ್ ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ ಸುಲಭವಾಗಿ ಒಪ್ಪಲ್ಲ. ಬಿಚ್ಚುವಾಗ ಬ್ಯಾಟರಿ ಕನೆಕ್ಟರ್ ಮೊದಲು ತೆಗೀರಿ. ಹಾರ್ಡ್ ಡಿಸ್ಕ್ 9.5 ಮಿಮೀ ದಪ್ಪ ಇರಬಹುದು, ಎಸ್‌ಎಸ್‌ಡಿ 7 ಮಿಮೀ. ಹಳೇ ಬ್ರಾಕೆಟ್ಟಿಗೇ ಸ್ಕ್ರೂ ಹಾಕಿ ಕೂರಿಸಿ, ಇಲ್ಲದಿದ್ದರೆ ಅಲುಗಾಡಿ ಕನೆಕ್ಟರ್ ಸಡಿಲಾಗುತ್ತೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಅಣ್ಣ, ಅಂಗಡಿಯ ಸಿಸಿಟಿವಿ ಡಿವಿಆರ್‌ಗೂ (ರೆಕಾರ್ಡ್ ಮಾಡೋ ಪೆಟ್ಟಿಗೆ) ಎಸ್‌ಎಸ್‌ಡಿ ಹಾಕಲಾ? ನಾಲ್ಕು ಕ್ಯಾಮೆರಾ.

ಉತ್ತರ: ಬೇಡ. ಒಂದು ಕ್ಯಾಮೆರಾ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, 8 ಬಿಟ್ಟಿಗೆ ಒಂದು ಬೈಟ್) ಇದ್ದರೆ ಸೆಕೆಂಡಿಗೆ ಅರ್ಧ ಎಂಬಿ, ದಿನಕ್ಕೆ 43 ಜಿಬಿ. ನಾಲ್ಕಕ್ಕೆ 173. ಅಂದರೆ 500 ಜಿಬಿ ಮೂರು ದಿನಕ್ಕೂ ಸಾಲಲ್ಲ, 2 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಹನ್ನೊಂದು ದಿನ ಇರುತ್ತೆ. ಡಿವಿಆರ್ ಬರೆಯೋದು ಒಂದೇ ಸಮ ಆದ್ದರಿಂದ ಎಸ್‌ಎಸ್‌ಡಿಯ ವೇಗ ಅಲ್ಲಿ ಉಪಯೋಗಕ್ಕೇ ಬರಲ್ಲ. ಸರ್ವೆಲೆನ್ಸ್ ಅಂತ ಬರೆದಿರೋ ಡಿಸ್ಕನ್ನೇ ತಗೊಳ್ಳಿ, ಅದು 24 ಗಂಟೆ ಬರೆಯಲೆಂದೇ ಮಾಡಿದ್ದು.

ಪ್ರಶ್ನೆ: ಕೊನೇದು ಸರ್. ಹಳೇ ಮದುವೆ ಡೇಟಾ ಎಸ್‌ಎಸ್‌ಡಿಗೆ ಹಾಕಿ ಬೀರುವಿನಲ್ಲಿಟ್ಟರೆ?

ಉತ್ತರ: ಅದಕ್ಕೆ ಎಸ್‌ಎಸ್‌ಡಿ ಆರಿಸಬೇಡಿ. ಅದರಲ್ಲಿ ಡೇಟಾ ನಿಂತಿರೋದು ಚಾರ್ಜ್ ರೂಪದಲ್ಲಿ. ಕರೆಂಟಿಲ್ಲದೆ ವರ್ಷಗಟ್ಟಲೆ ಇಟ್ಟರೆ, ಅದರಲ್ಲೂ ತುಂಬಾ ಬರೆದು ಸವೆದಿದ್ದರೆ, ಚಾರ್ಜ್ ಸೋರುತ್ತೆ. ಲ್ಯಾಪ್‌ಟಾಪ್ ಒಳಗಿನ ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದದ್ದನ್ನ ಟ್ರಿಮ್ ಕಮಾಂಡ್ ಅಳಿಸಿಬಿಡೋದರಿಂದ ರಿಕವರಿಯವರ ಹತ್ತಿರ ಹೋದರೂ ಸಿಗೋದು ಅಪರೂಪ. ಎರಡು ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಪ್ರತಿ ಇಡಿ, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಆರು ತಿಂಗಳಿಗೊಮ್ಮೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ಓಡುವಾಗ ಎತ್ತಿ ಸರಿಸಬೇಡಿ. ಟಕ್ ಟಕ್ ಸದ್ದು ಬಂದರೆ ಮತ್ತೆ ಮತ್ತೆ ಆನ್ ಮಾಡದೆ ತಕ್ಷಣ ತೆಗೆದಿಡಿ, ಹೆಡ್ ತಟ್ಟೆಯನ್ನ ಉಜ್ಜುತ್ತಿರಬಹುದು.