ಪದಚರ್ಚೆ: ‘ನಂಬಿಕೆ ಕಳೆದುಕೊಂಡ ಪಾದ್ರಿ’ ಅಂದರೆ ತಪ್ಪು ಅರ್ಥ ಬರುತ್ತಾ?

ಸರಸ್ವತಿಪುರಂ, ಮೈಸೂರು (ಬೆಳಗ್ಗೆ 11:20)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಭಾನುವಾರ ನಮ್ಮ ಓದುಗರ ಬಳಗದಲ್ಲಿ ಒಂದು ಮಾತುಕತೆ ಇದೆ. ದೇವರ ಕೆಲಸದಲ್ಲೇ ಇರುವ ಕೆಲವರಿಗೆ ನಂಬಿಕೆ ಹೋಗುತ್ತೆ, ಅದೇ ಓದು ಓದಿದ ಪಕ್ಕದವರಿಗೆ ಹೋಗಲ್ಲ, ಯಾಕೆ ಅನ್ನೋದು ವಿಷಯ. ಬ್ಯಾನರ್‌ನವರು ಸಂಜೆ ಐದರೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ.

‘ನಂಬಿಕೆ ಕಳೆದುಕೊಂಡ ಪಾದ್ರಿಗಳು’ ಅಂತ ಬರೆದಿದ್ದೆ. ನಮ್ಮತ್ತೆ ಓದಿ, ‘ಏನಮ್ಮಾ, ಚರ್ಚಿನ ದುಡ್ಡು ತಿಂದ್ರಾ?’ ಅಂದರು. ಅಲ್ಲಿಗೆ ನಿಂತಿದ್ದೇನೆ.

ಮಾತು ಶುರುವಾಗುವುದು ಜಾನ್ ಮೆಲಿಯೆ ಅನ್ನೋ ಫ್ರೆಂಚ್ ಪಾದ್ರಿಯಿಂದ. ಸುಮಾರು 40 ವರ್ಷ ಹಳ್ಳಿಯ ಚರ್ಚಿನಲ್ಲಿ ಪೂಜೆ ಮಾಡಿಕೊಂಡಿದ್ದ. 1729ರಲ್ಲಿ ಸತ್ತ ಮೇಲೆ ನೋಡಿದರೆ, ದೇವರೇ ಇಲ್ಲ ಅಂತ ಉದ್ದಕ್ಕೆ ಬರೆದಿಟ್ಟಿದ್ದ! ಆಮೇಲೆ 2010ರಲ್ಲಿ ತತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್, ಸಂಶೋಧಕಿ ಲಿಂಡಾ ಲಾಸ್ಕೋಲಾ ಅಮೆರಿಕದ ಐವರು ಪ್ರಾಟೆಸ್ಟಂಟ್ ಪಾದ್ರಿಗಳನ್ನು ಮಾತಾಡಿಸಿದ್ದು. ಒಳಗೆ ನಂಬಿಕೆ ಇಲ್ಲ, ಹೊರಗೆ ಹೇಳುವಂತಿಲ್ಲ, ಅಂಥವರು. ಇವರಿಗೆಲ್ಲ ಒಂದು ಪದ ಬೇಕು.

ಮಂಡ್ಯ (11:48)

ಅತ್ತೆಯವರು ಸರಿ. ನೀವು ತಪ್ಪು.

‘ನಂಬಿಕೆ ಕಳೆದುಕೊಂಡ’ ಅಂದರೆ ಊರವರು ಅವನ ಮೇಲೆ ಇಟ್ಟಿದ್ದ ನಂಬಿಕೆ. ನಿಮಗೆ ಬೇಕಾದ ಪದ ‘ನೆಚ್ಚು’. ಹಳಗನ್ನಡದ ‘ನಚ್ಚು’. ತೆಲುಗಿನಲ್ಲಿ ‘ನಚ್ಚಿಂದಿ’ ಅಂದರೆ ಹಿಡಿಸಿತು ಅಂತ. ನಂಬುವುದು ತಲೆಯ ಕೆಲಸ, ನೆಚ್ಚುವುದು ಕರುಳಿನ ಕೆಲಸ. ಇನ್ನು ‘ಪಾದ್ರಿ’ ಪೋರ್ಚುಗೀಸರದು, ನಮಗೆ ಬೇಡ. ‘ನೆಚ್ಚಳಿದ ಗುಡಿಯೊಡೆಯರು’ ಅಂತ ಹಾಕಿ. ಮುಗಿಯಿತು.

ಶ್ರೀರಂಗಪಟ್ಟಣ (12:30)

ಮುಗಿದಿಲ್ಲ ಸ್ವಾಮಿ. ಗುಡಿಯೊಡೆಯ ಅಂದರೆ ನಮ್ಮ ಕಡೆ ಟ್ರಸ್ಟಿನ ಅಧ್ಯಕ್ಷರು ಅಂದುಕೊಳ್ತಾರೆ. ಪದ ಹುಟ್ಟಿಸುವ ಮೊದಲು ಒಂದು ಸಲ ಸಂತೆಯಲ್ಲಿ ಕೂಗಿ ನೋಡಬೇಕು.

ಆದರೆ ನೆಚ್ಚು ಬೇರೆ, ನಂಬಿಕೆ ಬೇರೆ ಅನ್ನೋದನ್ನ ಒಪ್ಪುತ್ತೇನೆ. ಅದಕ್ಕೆ ಉದಾಹರಣೆ ನಮ್ಮೂರಲ್ಲೇ ಇದೆ. ಟಿಪ್ಪು ಹೋದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ನಮ್ಮವರ ಹಾಗೇ ಉಟ್ಟು, ನಮ್ಮವರ ಹಾಗೇ ಊಟ ಮಾಡಿಕೊಂಡಿದ್ದವರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು. ಜನ ‘ದೊಡ್ಡ ಸ್ವಾಮಿ’ ಅಂತಿದ್ದರು. (ಗುಡಿಯೊಡೆಯ ಅನ್ನಲಿಲ್ಲ, ನೋಡಿ.) 30 ವರ್ಷ ಇಂಡಿಯಾದಲ್ಲಿದ್ದು, ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಅಂತ ಬರೆದು 1823ರಲ್ಲಿ ವಾಪಸ್ ಹೋದರು. ಪಾದ್ರಿತನ ಬಿಟ್ಟರಾ? ಇಲ್ಲ. 1848ರಲ್ಲಿ ತೀರಿಕೊಳ್ಳುವ ತನಕ ಪಾದ್ರಿಯೇ. ಮಾಡಿದ ಕೆಲಸದ ಮೇಲಿನ ನೆಚ್ಚು ಹೋಯಿತು, ದೇವರ ಮೇಲಿನ ನಂಬಿಕೆ ಉಳಿಯಿತು. ಹಾಗಾಗಿ ಮೆಲಿಯೆಗೆ ‘ನೆಚ್ಚಳಿದ’ ಹೊಂದಲ್ಲ. ದುಬುವಾಗೆ ಹೊಂದುತ್ತೆ.

ಬಸವಣ್ಣನವರೂ ‘ನಂಬರು ನೆಚ್ಚರು’ ಅಂತ ಎರಡನ್ನೂ ಹೇಳಿದ್ದಾರೆ. ಸುಮ್ನೆ ಅಲ್ಲ.

ಮಂಡ್ಯ (12:41)

ಅದು ಜೋಡುನುಡಿ. ಸುಮ್ನೆಯೇ.

ಕುವೆಂಪುನಗರ, ಮೈಸೂರು (2:05)

ನಾನು ಅರ್ಚಕರ ಮನೆಯ ಮಗ. ಆ ಕೆಲಸ ನಾನು ಮುಂದುವರಿಸಲಿಲ್ಲ. ಅಪ್ಪ ಬದುಕಿರುವ ತನಕ ಮಾಡಿದರು. ‘ನಿಮಗೆ ದೇವರ ಮೇಲೆ ನಂಬಿಕೆ ಇದೆಯಾ’ ಅಂತ ಒಬ್ಬರೂ ಅವರನ್ನು ಕೇಳಲಿಲ್ಲ. ಮಡಿ ಸರಿ ಇದೆಯಾ, ಮಂಗಳಾರತಿ ಹೊತ್ತಿಗೆ ಸರಿಯಾಗಿ ಆಯ್ತಾ, ಇಷ್ಟೇ ಕೇಳುತ್ತಿದ್ದರು. ನಮ್ಮಲ್ಲಿ ಈ ಪದ ಸಿಗದೇ ಇರೋದಕ್ಕೆ ಅದೂ ಕಾರಣ ಇರಬಹುದು. ಅಪ್ಪನಿಗೆ ಇದ್ದದ್ದು ಶ್ರದ್ಧೆ. ನಂಬಿಕೆ ಎಷ್ಟಿತ್ತೋ ನನಗೂ ಗೊತ್ತಿಲ್ಲ.

ಪ್ರಾಟೆಸ್ಟಂಟ್ ಪಾದ್ರಿಯ ಕಷ್ಟ ಬೇರೆ. ಆತ ಪ್ರತಿ ಭಾನುವಾರ ಎದ್ದು ನಿಂತು ತನ್ನ ಬಾಯಲ್ಲೇ ಬೋಧನೆ ಮಾಡಬೇಕು. ಪಾದ್ರಿಯಾಗಲು ಓದುವಾಗಲೇ ಬೈಬಲ್ ಯಾವಾಗ, ಯಾರ ಕೈಯಲ್ಲಿ, ಹೇಗೆ ತಿದ್ದುಪಡಿಯಾಗಿ ಬಂತು ಅಂತ ಕಲಿಸುತ್ತಾರೆ. ಆ ಐವರಲ್ಲಿ ಸಂಶಯ ಮೊಳೆತದ್ದು ಅಲ್ಲೂ ಹೌದು. ಬಿಟ್ಟು ಹೋಗೋಣ ಅಂದರೆ ಸಂಬಳ, ಚರ್ಚು ಕೊಟ್ಟ ಮನೆ, ಗೆಳೆಯರು ಎಲ್ಲ ಒಟ್ಟಿಗೆ ಹೋಗುತ್ತೆ. ಅದೇ ಪಾಠ ಓದಿ, ‘ಬರೆದವರು ಮನುಷ್ಯರು, ಬರೆಸಿದವನು ದೇವರು’ ಅಂತ ಸಮಾಧಾನ ಮಾಡಿಕೊಂಡವರೂ ಇದ್ದಾರೆ. ಅಕ್ಷರ ಅಕ್ಷರವೂ ನಿಜ ಅಂತ ಹಿಡಿದವರಿಗೆ ಪೆಟ್ಟು ಜಾಸ್ತಿ ಅಂತ ನನ್ನ ಅನಿಸಿಕೆ. ಮದರ್ ತೆರೇಸಾ ಕಾಗದಗಳು 2007ರಲ್ಲಿ ಅಚ್ಚಾದವಲ್ಲ, ಎಷ್ಟೋ ವರ್ಷ ದೇವರು ಹತ್ತಿರ ಇದ್ದಾನೆ ಅಂತಲೇ ಅನಿಸಿರಲಿಲ್ಲ ಅವರಿಗೆ. ಕೆಲಸ ನಿಲ್ಲಿಸಲಿಲ್ಲ.

ಪದಕ್ಕೆ ಬರ್ತೀನಿ. ವಿಭಕ್ತಿ ಬದಲಾಯಿಸಿ ಸಾಕು, ಹೊಸ ಪದ ಬೇಡ. ‘ಪಾದ್ರಿ ನಂಬಿಕೆ ಕಳೆದುಕೊಂಡ’ ಅಂದರೆ ದುಡ್ಡು ತಿಂದ. ‘ಪಾದ್ರಿಗೆ ನಂಬಿಕೆ ಹೋಯಿತು’ ಅಂದರೆ ಅವನ ಒಳಗಿನದು.

ಮಂಡ್ಯ (2:19)

‘ಶ್ರದ್ಧೆ’ ಸಂಸ್ಕೃತ. ‘ಪಾದ್ರಿ’ ಪೋರ್ಚುಗೀಸ್. ಉಳಿದದ್ದು ‘ಗೆ’ ಒಂದೇ ಕನ್ನಡ.

ಶ್ರೀರಂಗಪಟ್ಟಣ (2:33)

ಅಲಮಾರು, ಪಾದ್ರಿ ಎರಡೂ ಒಂದೇ ಹಡಗಿನಲ್ಲಿ ಬಂದವು. ಮೊದಲು ನಿಮ್ಮ ಮನೆಯ ಅಲಮಾರನ್ನು ಬೀದಿಗಿಡಿ, ಆಮೇಲೆ ಪಾದ್ರಿಯನ್ನು ಕಳಿಸೋಣ. ದಿನಾ ‘ಕಿಟ್ಟೆಲ್‌ನಲ್ಲಿದೆ, ಕಿಟ್ಟೆಲ್‌ನಲ್ಲಿದೆ’ ಅಂತೀರಲ್ಲ, 1894ರಲ್ಲಿ ಆ ನಿಘಂಟು ಕೊಟ್ಟವರೂ ಬಾಸೆಲ್ ಮಿಷನ್ನಿನ ಪಾದ್ರಿಯೇ.

ಮಂಡ್ಯ (2:36)

ಕಿಟ್ಟೆಲ್ ವಿಷಯ ಬೇರೆ.

ಸರಸ್ವತಿಪುರಂ (4:40)

ಎಲ್ಲರಿಗೂ ಥ್ಯಾಂಕ್ಸ್. ‘ಪಾದ್ರಿಗೆ ನಂಬಿಕೆ ಹೋದಾಗ’ ಅಂತ ಕಳಿಸಿದೆ. ಮಂಡ್ಯದ ಸರ್, ಬೇಜಾರಾಗಬೇಡಿ, ನಿಮ್ಮ ‘ನೆಚ್ಚು’ವನ್ನು ಕೆಳಗಿನ ಸಾಲಿಗೆ ಹಾಕೋಣ ಅಂತಿದ್ದೆ. ಆದರೆ ಬ್ಯಾನರ್ ಹುಡುಗ ಅದನ್ನು ‘ಹೆಚ್ಚು’ ಅಂತ ಎರಡು ಸಲ ತಿದ್ದಿದ. ಕೈಬಿಟ್ಟೆ. ಅತ್ತೆಗೆ ಹೊಸ ಸಾಲು ತೋರಿಸಿದೆ. ‘ಅಯ್ಯೋ ಪಾಪ, ಯಾವಾಗಿಂದ?’ ಅಂದರು.