ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದವರ ಸಂತತಿಯನ್ನು ಡರ್ಬನ್‌ನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ಕೋಲಾರದ ಕಡೆಯಿಂದ ಮದ್ರಾಸಿಗೆ ಹೋಗಿ, ಹಡಗು ಹತ್ತಿ ಕಬ್ಬಿನ ತೋಟದ ಕೂಲಿಗೆ ಹೋದವರು. ಗೊತ್ತಿರುವುದು ಹೆಸರು, ಊರು, ಸುಮಾರು 1895 ಅನ್ನುವುದು ಅಷ್ಟೇ. ಟಿಕೆಟ್ ಮಾಡಿಸುವ ಮೊದಲು ಏನು ಕೈಯಲ್ಲಿರಬೇಕು?

ಉತ್ತರ 1: ಕಲೋನಿಯಲ್ ನಂಬರ್ ಸರ್, ಅದೇ ಬೀಗದ ಕೈ. 1860ರಿಂದ 1911ರವರೆಗೆ ಹೋದ ಸುಮಾರು 1,52,000 ಜನರಿಗೂ ಒಂದೊಂದು ಸಂಖ್ಯೆ ಇತ್ತು. ಹಡಗಿನ ಪಟ್ಟಿಯಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಗುರುತು ಸಿಗುತ್ತವೆ. ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದಾರೆ, ಮುನಿಯಪ್ಪ ಮುನಿಯನ್ ಆಗಿರಬಹುದು. ತಂದೆಯ ಹೆಸರು, ಹಳ್ಳಿ, ವಯಸ್ಸು ಮೂರೂ ಹೊಂದಿದರೆ ಮಾತ್ರ ನಂಬಿ.

ಉತ್ತರ 2: ಇನ್ನೊಂದು ತೊಡಕಿದೆ. ಅಲ್ಲಿ ಎಷ್ಟೋ ಮನೆತನಗಳಲ್ಲಿ ತಂದೆಯ ಅಥವಾ ಅಜ್ಜನ ಹೆಸರೇ ಖಾಯಂ ಸರ್‌ನೇಮ್ ಆಯಿತು. ಹಾಗಾಗಿ ಇಲ್ಲಿನ ಮನೆತನದ ಹೆಸರಿನಿಂದ ಫೋನ್ ಡೈರೆಕ್ಟರಿ ತಡಕಿದರೆ ಪ್ರಯೋಜನವಿಲ್ಲ. ಇಲ್ಲಿಂದ ಮೂರು ತಲೆಮಾರಿನ ವಂಶಾವಳಿ, ಮನೆದೇವರ ಹೆಸರು ಬರೆದುಕೊಂಡು ಹೋಗಿ. ಭಾಷೆ ಮರೆತ ಮನೆಯಲ್ಲೂ ದೇವರ ಹೆಸರು ಉಳಿದಿರುವುದುಂಟು. ಡರ್ಬನ್‌ನಲ್ಲಿ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ವೆಸ್ಟ್‌ವಿಲ್ ಕ್ಯಾಂಪಸ್‌ನ ಗಾಂಧಿ-ಲುಥುಲಿ ದಾಖಲೆ ಕೇಂದ್ರಕ್ಕೆ ಮೊದಲೇ ಇಮೇಲ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಉತ್ತರ 3: ವಾಪಸ್ ಬಂದವರ ಪಟ್ಟಿಯನ್ನೂ ನೋಡಿ. ಕೂಲಿಯ ಕರಾರು ಮುಗಿದ ಮೇಲೂ ಅಲ್ಲೇ ನಿಲ್ಲುವವರ ಮೇಲೆ ವರ್ಷಕ್ಕೆ 3 ಪೌಂಡ್ ತೆರಿಗೆ ಹಾಕುವ ಕಾನೂನು 1895ರದು. ಎಷ್ಟೋ ಜನ ತಿರುಗಿ ಬಂದರು. ಪ್ರಯಾಣದ ವಿಷಯ: ನೈರೋಬಿ ಅಥವಾ ಅಡಿಸ್ ಅಬಾಬದಲ್ಲಿ 12 ಗಂಟೆಗಿಂತ ಹೆಚ್ಚು ನಿಂತರೆ ದಕ್ಷಿಣ ಆಫ್ರಿಕಾದಲ್ಲಿ ಇಳಿದಾಗ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡ 10 ದಿನದ ಮೇಲಷ್ಟೇ ಅದು ಊರ್ಜಿತ.