ಹಳೇ ಜೀಪು: ಬ್ರೇಕ್ ತುಳಿದ್ರೆ ಇಂಡಿಕೇಟರೂ ಹತ್ಕೊಳ್ಳುತ್ತೆ

ಸಕಲೇಶಪುರದವ:
ನಮಸ್ಕಾರ, ನಮ್ದು 1996ರ ಡೀಸೆಲ್ ಜೀಪು. ಬ್ರೇಕ್ ತುಳಿದ್ರೆ ಎಡಗಡೆ ಲೈಟ್ ಸರಿಯಾಗ್ ಉರಿಯುತ್ತೆ, ಬಲಗಡೇದು ಮಂಕು, ಜೊತೆಗೆ ಅದೇ ಕಡೆ ಇಂಡಿಕೇಟರೂ ಪಾರ್ಕಿಂಗ್ ಲೈಟೂ ಸಣ್ಣಗೆ ಹತ್ಕೊಳ್ಳುತ್ತೆ. ಬಲ್ಬ್ ಹೊಸದು ಹಾಕಾಯ್ತು, ಫ್ಯೂಸ್ ಸರಿ ಇದೆ. ಮಳೇಲಿ ಶಿರಾಡಿ ಘಾಟಿ ಇಳೀಬೇಕು, ಹಿಂದೆ ಲಾರಿ ಬರ್ತಿದ್ರೆ ಭಯ ಆಗುತ್ತೆ. ಪೂರ್ತಿ ವೈರಿಂಗ್ ಬದಲಾಯಿಸ್ಬೇಕು ಅಂತಿದಾರೆ, ನಿಜಾನಾ?

ವೈರಿಂಗ್ ಅಣ್ಣ:
ಬೇಡ ಸಾರ್, ಇದು ಅರ್ತ್ ಪ್ರಾಬ್ಲಂ, ಅಂದ್ರೆ ಕರೆಂಟು ಗಾಡಿ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ ಕೆಟ್ಟಿದೆ. ಆ ಲ್ಯಾಂಪಿಗೆ ಬಾಡಿ ಅರ್ತ್ ಸಿಗ್ದಿದ್ರೆ ಕರೆಂಟು ಪಕ್ಕದ ಫಿಲಮೆಂಟ್ ಮೂಲಕ ವಾಪಸ್ ಹೋಗುತ್ತೆ, ಅದಕ್ಕೇ ಎಲ್ಲಾ ಮಂಕಾಗಿ ಉರಿಯೋದು. ಒಂದು ವೈರ್ ತಗೊಂಡು ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ತುದಿ ಹೋಲ್ಡರಿನ ಲೋಹಕ್ಕೆ ಹಿಡೀರಿ, ಬ್ರೇಕ್ ತುಳಿಯೋಕೆ ಯಾರಿಗಾದ್ರೂ ಹೇಳಿ, ಪೂರ್ತಿ ಬೆಳಕು ಬಂದ್ರೆ ಅರ್ತೇ. ಅರ್ತ್ ವೈರ್ ಬಾಡಿಗೆ ಕೂತಿರೋ ಬೋಲ್ಟ್ ಬಿಚ್ಚಿ ತುಕ್ಕು ಪೇಂಟ್ ಎಲ್ಲಾ ಎಮರಿ ಪೇಪರಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಟೈಟ್ ಮಾಡಿ, ಮೇಲೆ ಗ್ರೀಸ್ ಹಚ್ಚಿ.

ಹಳೇ ಗಾಡಿ ಪ್ರೇಮಿ:
ಬಲ್ಬೂ ಒಮ್ಮೆ ನೋಡಿ. ಬ್ರೇಕ್ ಬಲ್ಬ್ 12 ವೋಲ್ಟ್ 21/5 ವ್ಯಾಟ್ ಇರಬೇಕು (ಒಳಗೆ ಎರಡು ಫಿಲಮೆಂಟ್, 21 ಬ್ರೇಕಿಗೆ, 5 ಪಾರ್ಕಿಂಗಿಗೆ), ಎರಡು ಪಿನ್ ಮೇಲೆ ಕೆಳಗೆ ಇರುತ್ತೆ, ಉಲ್ಟಾ ತುರುಕಿದ್ರೆ 5 ವ್ಯಾಟ್ ಫಿಲಮೆಂಟೇ ಬ್ರೇಕಿಗೆ ಉರಿಯೋದು.

ಸಕಲೇಶಪುರದವ:
ಅರ್ತೇ ಅಣ್ಣ! ಲಗ್ (ವೈರ್ ತುದಿಯ ಲೋಹದ ಬಳೆ) ತುಂಬಾ ಹಸಿರು ಕಿಲುಬು ಕಟ್ಟಿತ್ತು, ಉಜ್ಜಿದ್ಮೇಲೆ ಎರಡೂ ಕಡೆ ಒಂದೇ ಸಮ ಉರೀತಿದೆ. ತುಂಬಾ ಉಪಕಾರ ಆಯ್ತು. ಎಡ ಇಂಡಿಕೇಟರ್ ಮಾತ್ರ ಫಾಸ್ಟಾಗಿ ಬಡ್ಕೊಳ್ತಿದೆ, ಯಾಕೆ?

ವೈರಿಂಗ್ ಅಣ್ಣ:
ಆ ಕಡೆ ಮುಂದಿನದೋ ಹಿಂದಿನದೋ ಒಂದು ಬಲ್ಬ್ ಹೋಗಿರುತ್ತೆ, ಇಲ್ಲಾ ಕಮ್ಮಿ ವ್ಯಾಟಿಂದು ಹಾಕಿರ್ತಾರೆ. 21 ವ್ಯಾಟ್ ಹಾಕಿ, ಆಮೇಲೂ ಹಂಗೇ ಇದ್ರೆ ಫ್ಲಾಶರ್ (ಇಂಡಿಕೇಟರ್ ಮಿನುಗಿಸೋ ಚಿಕ್ಕ ಡಬ್ಬಿ) ಬದಲಾಯಿಸಿ.